ಚೌಕಳಿಗೆ ಹಿಡಿಸದ ಅಕ್ಷರಗಳು

ನಾನು ಮೊದಲ ಪ್ರೋಗ್ರಾಮು ಬರೆದಾಗ ಕಂಪ್ಯೂಟರನ್ನು ಕಣ್ಣಾರೆ ಕಂಡಿರಲಿಲ್ಲ. ಎಂಬತ್ತರ ದಶಕದ ನಡುವಿನ ಮಾತು. ಸಾಗರದಲ್ಲಿ ಬಿ.ಎಸ್ಸಿ. ಓದಿ, ಬಿ.ಎಡ್. ಮುಗಿಸಿ, ಹೊಸನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿ ಸೇರಿ ಎರಡು ವರ್ಷವಾಗಿತ್ತು. ಅಲ್ಲೇ ಒಂದು ರೂಮು ಮಾಡಿಕೊಂಡಿದ್ದೆ. ಶನಿವಾರ ಶಾಲೆ ಬಿಟ್ಟೊಡನೆ ಬಟ್ಟೆಮಲ್ಲಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಸಾಗರಕ್ಕೆ ಬರುತ್ತಿದ್ದೆ. ಮನೆಗೆ ಹೋಗುವ ಮೊದಲು ಗ್ರಂಥಾಲಯಕ್ಕೊಮ್ಮೆ ಹೊಕ್ಕು ಬರುವುದು ರೂಢಿ. ಹಾಗೆ ಹೊಕ್ಕ ಒಂದು ದಿನ ಟೈಪಿಂಗ್, ಶಾರ್ಟ್‌ಹ್ಯಾಂಡ್ ಪುಸ್ತಕಗಳ ಸಾಲಿನಲ್ಲಿ ಯಾರೋ ತಪ್ಪಿ ತುರುಕಿಟ್ಟಿದ್ದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಬೇಸಿಕ್ ಎಂಬ ಭಾಷೆಯಲ್ಲಿ ಕಂಪ್ಯೂಟರಿಗೆ ಕೆಲಸ ಹೇಳುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕ. ಹಿಂದಿನ ಚೀಟಿಯಲ್ಲಿ ಒಂದೂ ತಾರೀಖಿನ ಮುದ್ರೆ ಇರಲಿಲ್ಲ.

ಅದನ್ನು ತೆಗೆದುಕೊಂಡೆ, ಹದಿನೈದು ದಿನಕ್ಕೆ ತಂದುಕೊಟ್ಟೆ, ಅಲ್ಲೇ ನಿಂತು ಮತ್ತೆ ಬರೆಸಿಕೊಂಡೆ. ಹೀಗೆ ಒಂದು ವರ್ಷ ನಡೆಯಿತು. ಗ್ರಂಥಾಲಯದವರು ಕೊನೆಕೊನೆಗೆ, “ತರೋದೇ ಬೇಡ ನೀವು, ದಾರೀಲಿ ಒಂದು ಮಾತು ಹೇಳಿ, ನಾನೇ ಬರ್ಕೊಳ್ತೀನಿ” ಅನ್ನುತ್ತಿದ್ದರು. ಅದರ ಜೊತೆಗೆ ಎಲೆಕ್ಟ್ರಾನಿಕ್ಸಿನ ಒಂದು ಮಾಸಪತ್ರಿಕೆ ಎರಡು ತಿಂಗಳು ತಡವಾಗಿ ಅಲ್ಲಿಗೆ ಬರುತ್ತಿತ್ತು. ಪ್ರತಿ ಸಂಚಿಕೆಯಲ್ಲೂ ಒಂದೊಂದು ಪ್ರೋಗ್ರಾಮು ಅಚ್ಚಾಗಿರುತ್ತಿತ್ತು. ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲು ಕೂತರೆ ಒಮ್ಮೊಮ್ಮೆ ಅರ್ಧದ ಹೊತ್ತಿಗೆ ಮುಂದಿನ ಹಾಳೆಯೇ ಇರುತ್ತಿರಲಿಲ್ಲ. ಅದರ ಹಿಂಬದಿಯ ರೇಡಿಯೋ ಸರ್ಕ್ಯೂಟಿಗಾಗಿ ಯಾರೋ ಹರಿದುಕೊಂಡು ಹೋಗಿರುತ್ತಿದ್ದರು. ಆ ಅರ್ಧ ಪ್ರೋಗ್ರಾಮುಗಳನ್ನು ನಾನೇ ಊಹಿಸಿ ಮುಗಿಸುತ್ತಿದ್ದೆ. ಸರಿಯೋ ತಪ್ಪೋ ಹೇಳುವವರು ಯಾರೂ ಇರಲಿಲ್ಲ.

ಕಂಪ್ಯೂಟರ್ ಇಲ್ಲದೆ ಪ್ರೋಗ್ರಾಮು ನಡೆಸಬೇಕಾದರೆ ನಾವೇ ಕಂಪ್ಯೂಟರ್ ಆಗಬೇಕು. ಸ್ಲೇಟಿನ ಮೇಲೆ ಪ್ರತಿ ಚರಾಕ್ಷರಕ್ಕೆ ಒಂದು ಮನೆ ಬರೆದು, ಪ್ರೋಗ್ರಾಮಿನ ಒಂದೊಂದೇ ಸಾಲು ಓದುತ್ತ, ಮನೆಯೊಳಗಿನ ಅಂಕಿ ಅಳಿಸಿ ಹೊಸದು ಬರೆಯುತ್ತಿದ್ದೆ. ನೂರರ ಒಳಗಿನ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಪ್ರೋಗ್ರಾಮನ್ನು ಹೀಗೆ ಸ್ಟಾಫ್ ರೂಮಿನಲ್ಲಿ ಮೂರು ದಿನ ನಡೆಸಿದೆ. ಪಕ್ಕದ ಕುರ್ಚಿಯ ವಿಜ್ಞಾನದ ಮೇಷ್ಟ್ರು ನೋಡುವಷ್ಟು ನೋಡಿ, “ಉತ್ತರ ನಿಮ್ಗೆ ಮೊದ್ಲೇ ಗೊತ್ತಲ್ಲ ಟೀಚರೇ, ಮತ್ತೆಂತಕ್ಕೆ ಇಷ್ಟು ಸರ್ಕಸ್ಸು?” ಎಂದರು.

“ಉತ್ತರಕ್ಕಲ್ಲ ಸಾರ್, ಪ್ರೋಗ್ರಾಮು ಸರಿ ಇದ್ಯಾ ಅಂತ ನೋಡ್ತಿದೀನಿ.”

“ಸರಿ ಇದ್ರೆ ಎಂತ ಮಾಡ್ತೀರಿ?”

ನಾನು ನಕ್ಕು ಸ್ಲೇಟಿನ ಮುಂದಿನ ಮನೆ ಅಳಿಸಿದೆ. ಆದರೆ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆಂದು ಕಾಣುತ್ತದೆ. ಒಂದು ತಿಂಗಳು ಕಳೆದ ಮೇಲೆ, ತೀರ್ಥಹಳ್ಳಿಯಲ್ಲಿ ತಮ್ಮ ಪರಿಚಯದ ಡಾಕ್ಟರೊಬ್ಬರ ಮನೆಯಲ್ಲಿ ಕಂಪ್ಯೂಟರ್ ಇದೆಯಂತೆ ಎಂಬ ಸುದ್ದಿ ತಂದರು. ಡಾಕ್ಟರ ಹೆಂಡತಿಯ ತಮ್ಮ ಹೊರದೇಶದಲ್ಲಿ ಇಂಜಿನಿಯರು. ಬಂದಾಗ ಒಂದು ತಂದುಕೊಟ್ಟು ಹೋಗಿದ್ದನಂತೆ. “ಅದ್ರಲ್ಲಿ ಎಂತ ಮಾಡೋದು ಅಂತ ಅವ್ರಿಗೂ ಗೊತ್ತಿಲ್ಲ. ನೀವು ಬರ್ತೀರಿ ಅಂತ ಹೇಳಿದೀನಿ” ಎಂದರು. ಆ ಭಾನುವಾರ ಸಾಗರಕ್ಕೆ ಹೋಗಲಿಲ್ಲ. ಕೋಣಂದೂರಿನ ಮೇಲೆ ಹೋಗುವ ಮೊದಲ ಬಸ್ಸಿಗೇ ತೀರ್ಥಹಳ್ಳಿಗೆ ಹೊರಟೆ.

ಬಾಗಿಲು ತೆಗೆದವರು ಡಾಕ್ಟರ ಹೆಂಡತಿ. ನಲವತ್ತರ ಆಸುಪಾಸು, ನಗುಮುಖ. ಅವರನ್ನು ನಾನು ಅಂದಿನಿಂದಲೇ ಅಕ್ಕ ಎಂದು ಕರೆದೆ. ಕಂಪ್ಯೂಟರ್ ಎಲ್ಲಿದೆ ಎಂದು ನಾನು ಸುತ್ತ ಕಣ್ಣಾಡಿಸುತ್ತಿದ್ದರೆ ಅವರು ಟಿ.ವಿ.ಯ ಮೇಲಿನ ಕಸೂತಿ ಬಟ್ಟೆ ಸರಿಸಿ ತೋರಿಸಿದರು. ಪಾಠದ ಪುಸ್ತಕದಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಮೇಲೆ ಬೂದುಬಣ್ಣದ ರಬ್ಬರಿನ ಗುಂಡಿಗಳು. ಅಷ್ಟೇ. ಇದಕ್ಕೆ ಪರದೆ ಬೇಕೆಂದರೆ ಟಿ.ವಿ.ಗೆ ಜೋಡಿಸಬೇಕು, ಬರೆದದ್ದನ್ನು ಉಳಿಸಿಕೊಳ್ಳಬೇಕೆಂದರೆ ಟೇಪ್ ರೆಕಾರ್ಡರಿಗೆ ಜೋಡಿಸಬೇಕು.

“ಇದ್ರ ಪುಸ್ತಕ ಎಂತಾದ್ರೂ ಕೊಟ್ಟಿದ್ರಾ ಅಕ್ಕಾ?” ಎಂದೆ.

“ಇಲ್ಲ ಮಾರಾಯ್ರೆ, ಇಷ್ಟೇ ಕೊಟ್ಟಿದ್ದು ಅವ್ನು.”

ಒಂಬತ್ತು ಗಂಟೆಗೆ ಜೋಡಿಸಲು ಶುರುಮಾಡಿದೆ. ಟಿ.ವಿ.ಯ ಚಾನೆಲ್ ತಿರುಗಿಸಿ ತಿರುಗಿಸಿ, ಮಂಜಿನ ನಡುವೆ ಕೊನೆಗೊಮ್ಮೆ ಬಿಳಿ ಪರದೆಯ ಕೆಳತುದಿಯಲ್ಲಿ ಒಂದು ಸಾಲು ಇಂಗ್ಲಿಷ್ ಕಂಡಿತು. ನೋಟ್‌ಬುಕ್ ತೆಗೆದು ಮೊದಲ ಸಾಲು ಕುಟ್ಟುವಷ್ಟರಲ್ಲಿ ಅಕ್ಕಪಕ್ಕದ ಮನೆಯವರು ಒಬ್ಬೊಬ್ಬರಾಗಿ ಬಂದು ಚಾಪೆಯ ಮೇಲೆ ಕೂರತೊಡಗಿದರು. ನನ್ನನ್ನು ನೋಡಲು ಬಂದವರಲ್ಲ. ಭಾನುವಾರ ಬೆಳಗಿನ ಧಾರಾವಾಹಿಯ ಹೊತ್ತು ಅದು. ಊರಿನ ಆ ಕೇರಿಗೆಲ್ಲ ಇದ್ದದ್ದು ಅದೊಂದೇ ಟಿ.ವಿ. ಯಂತ್ರ ಆರಿಸಿ, ವಯರು ಕಿತ್ತು, ಆಂಟೆನಾ ಸಿಕ್ಕಿಸಿಕೊಟ್ಟು ಮೂಲೆಯಲ್ಲಿ ಕೂತೆ. ಪರದೆಯ ಮೇಲೆ ಬಾಣಗಳು ಹಾರಾಡಿದವು, ಜನ ಕೈಮುಗಿದರು. ನನ್ನ ಸಾಲು ಅಳಿಸಿಹೋಗಿತ್ತು.

ಅಂದು ಹನ್ನೊಂದರ ಮೇಲೆ ನನ್ನ ಅವಿಭಾಜ್ಯ ಸಂಖ್ಯೆಯ ಪ್ರೋಗ್ರಾಮನ್ನು ಪೂರ್ತಿ ಕುಟ್ಟಿ ನಡೆಸಿದೆ. ನಡೆಯಲಿಲ್ಲ. ಸಾಲು ಸಾಲು ನೋಡಿದೆ, ಎಲ್ಲ ಸರಿಯಾಗಿತ್ತು. ಊಟಕ್ಕೆ ಕರೆದರೂ ಏಳಲಿಲ್ಲ. ಎರಡು ಗಂಟೆಗೆ ಗೊತ್ತಾಯಿತು. ಒಂದು ಕಡೆ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಅಕ್ಷರ ಒತ್ತಿದ್ದೆ. ಸ್ಲೇಟಿನಲ್ಲಿ ನಡೆಸುವಾಗ ಎರಡೂ ಒಂದೇ, ನನಗೆ ಅರ್ಥವಾಗುತ್ತಿತ್ತು. ಯಂತ್ರಕ್ಕೆ ಆಗಲಿಲ್ಲ. ತಿದ್ದಿ ಮತ್ತೆ ಒತ್ತಿದಾಗ ಸಂಖ್ಯೆಗಳು ಒಂದೇ ಉಸಿರಿಗೆ ಪರದೆ ತುಂಬಿದವು. ಮೂರು ದಿನದ ನನ್ನ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಸಂತೋಷಕ್ಕಿಂತ ಹೆಚ್ಚಾಗಿ ಒಂಥರಾ ಅವಮಾನವಾಯಿತು.

ಅಕ್ಕ ಹಿಂದೆ ನಿಂತು ನೋಡುತ್ತಿದ್ದರು. “ಲೆಕ್ಕ ಆಯ್ತು. ಇದು ಕನ್ನಡ ಬರಿತದಾ?” ಎಂದು ಕೇಳಿದರು.

“ಇಲ್ಲ ಅಕ್ಕಾ, ಬರೀ ಇಂಗ್ಲಿಷು.”

“ಹಂಗಾದ್ರೆ ನಂಗೆಂತಕ್ಕೆ ಇದು?” ಎಂದು ನಕ್ಕು ಒಳಗೆ ಹೋದರು. ಅವರು ಅದನ್ನು ಆಗಲೇ ಮರೆತಿರಬೇಕು. ನನಗೆ ಮಾತ್ರ ಆ ಪ್ರಶ್ನೆ ಕಾಲಿಗೆ ಮುಳ್ಳು ನಟ್ಟ ಹಾಗೆ ಆಯಿತು. ಬಸ್ಸಿನಲ್ಲಿ ಹೊಸನಗರ ಮುಟ್ಟುವುದರೊಳಗೆ, ಆ ಯಂತ್ರದಲ್ಲಿ ಕನ್ನಡ ಬರೆಸಿಯೇ ಬಿಡುವುದು ಎಂದು ಮನಸ್ಸು ಮಾಡಿದ್ದೆ.

ಆ ಯಂತ್ರದಲ್ಲಿ ಒಂದು ಅಕ್ಷರವೆಂದರೆ ಎಂಟು ಸಾಲು, ಎಂಟು ಕಂಬದ ಒಂದು ಚೌಕಳಿ. ಅರವತ್ನಾಲ್ಕು ಮನೆ. ಯಾವ ಮನೆ ಕಪ್ಪು, ಯಾವುದು ಬಿಳಿ ಎಂದು ನಾವು ಅಂಕಿಯಲ್ಲಿ ಹೇಳಿದರೆ ನಮಗೆ ಬೇಕಾದ ಆಕಾರ ಮೂಡಿಸುತ್ತದೆ. ಇಷ್ಟನ್ನು ಪತ್ರಿಕೆಯಲ್ಲಿ ಓದಿದ್ದೆ. ಗ್ರಾಫ್ ಪುಸ್ತಕದಲ್ಲಿ ಕನ್ನಡ ಬರೆಯಲು ಕೂತೆ. ‘ರ’ ಬಂತು, ‘ಗ’ ಬಂತು. ‘ದ’ ಬರೆದೆ. ‘ಧ’ ಬರೆಯಬೇಕಾದರೆ ಕೆಳಗೊಂದು ಸೀಳು ಬೇಕು, ‘ಥ’ ಬರೆಯಬೇಕಾದರೆ ಹೊಟ್ಟೆಯೊಳಗೊಂದು ಚುಕ್ಕೆಯೂ ಬೇಕು. ಅರವತ್ನಾಲ್ಕು ಮನೆಯಲ್ಲಿ ಮೂರೂ ಒಂದೇ ಥರ ಕಂಡವು. ‘ಋ’ ಬರೆದಾಗ ಇಡೀ ಚೌಕ ಕಪ್ಪಾಗಿ ಶಾಯಿ ಚೆಲ್ಲಿದ ಹಾಗಾಯಿತು. ಹಾಗಾಗಿ ನಾಲ್ಕು ಚೌಕ ಸೇರಿಸಿ ಒಂದಕ್ಷರ, ಒತ್ತಕ್ಷರಕ್ಕೆ ಕೆಳಗೆ ಮತ್ತೆರಡು ಎಂದು ತೀರ್ಮಾನಿಸಿದೆ. ಹೀಗೆ ಮಾಡಿದರೂ ನನ್ನ ಅಕ್ಷರಗಳು ಸೊಟ್ಟಗಿದ್ದವು. ನನಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ.

ಬರುತ್ತಿದ್ದದ್ದು ಅಪ್ಪಯ್ಯನಿಗೆ. ಸಾಗರದಲ್ಲಿ ಗಂಧದ ಕೆತ್ತನೆ ನಮ್ಮ ಮನೆತನದ ಕಸುಬು. ಅಪ್ಪಯ್ಯ ಸನ್ಮಾನದ ಫಲಕಗಳ ಮೇಲೆ ಅಕ್ಷರ ಕೊರೆಯುವುದರಲ್ಲಿ ಹೆಸರಾದವರು. ಅಕ್ಷರದ ತಲೆಕಟ್ಟು ಸ್ವಲ್ಪ ವಾಲಿದರೂ ಇಡೀ ಫಲಕ ಹೆರೆದು ಹೊಸದಾಗಿ ಕೊರೆಯುವವರು. ಅವರ ಮುಂದೆ ಗ್ರಾಫ್ ಪುಸ್ತಕ ಇಟ್ಟು ನಿಯಮ ಹೇಳಿದೆ.

“ಒಂದೊಂದು ಮನೇನೂ ಪೂರ್ತಿ ತುಂಬ್ಬೇಕು, ಇಲ್ಲ ಪೂರ್ತಿ ಬಿಡ್ಬೇಕು ಅಪ್ಪಯ್ಯ.”

“ಅರ್ಧ ತುಂಬಿದ್ರೆ?”

“ಅರ್ಧ ಅನ್ನೋದು ಇಲ್ಲ ಅದಕ್ಕೆ.”

“ಓರೆ?”

“ಓರೇನೂ ಇಲ್ಲ.”

ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. “ಮತ್ತೆ ಕನ್ನಡ ಹೆಂಗೆ ಬರಿತಾರೆ ಮಗಾ? ನಮ್ಮ ಅಕ್ಷರ್ದಲ್ಲಿ ನೆಟ್ಟಗಿರೋದು ಅಂತ ಎಂತ ಉಂಟು?”

ಬೈದರು, ಪುಸ್ತಕ ದೂಡಿದರು, ಮಧ್ಯಾಹ್ನ ಊಟವಾದ ಮೇಲೆ ತಾವಾಗೇ ಎಳೆದುಕೊಂಡರು. ಸಂಜೆಗೆ ‘ಅ’ ಮುಗಿದಿತ್ತು. ಹತ್ತಿರದಿಂದ ನೋಡಿದರೆ ಮೆಟ್ಟಿಲು ಮೆಟ್ಟಿಲು, ದೂರ ಹಿಡಿದರೆ ದುಂಡಗಿನ ‘ಅ’. ಅಂದಿನಿಂದ ಒಂದು ಭಾನುವಾರ ಸಾಗರಕ್ಕೆ, ಅಪ್ಪಯ್ಯ ಬರೆದಿಟ್ಟದ್ದನ್ನು ತರಲು, ಇನ್ನೊಂದು ಭಾನುವಾರ ತೀರ್ಥಹಳ್ಳಿಗೆ, ಅದನ್ನು ಯಂತ್ರಕ್ಕೆ ಉಣಿಸಲು. ನಡುವಿನ ವಾರದಲ್ಲಿ ಚೌಕಳಿಗಳನ್ನು ಅಂಕಿಗೆ ಇಳಿಸುವ ಕೆಲಸ.

ಅಡ್ಡಿಗಳನ್ನು ಲೆಕ್ಕ ಇಡಲಿಲ್ಲ. ಬಸ್ಸು ತಡವಾದರೆ ಬೆಳಗಿನ ಹೊತ್ತು ಹೋಯಿತು. ಧಾರಾವಾಹಿ ಇದ್ದೇ ಇತ್ತು. ಅದು ಮುಗಿದೊಡನೆ ಕರೆಂಟು ಹೋದರೆ ಇಡೀ ದಿನ ಹೋಯಿತು. ಕರೆಂಟು ಇದ್ದರೆ ವೋಲ್ಟೇಜು ಇರುತ್ತಿರಲಿಲ್ಲ. ಟಿ.ವಿ.ಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುವುದು, ಯಂತ್ರ ಒಮ್ಮೆ ತೂಕಡಿಸಿ ಎಲ್ಲ ಮರೆತುಬಿಡುವುದು. ಅದಕ್ಕೇ ಅರ್ಧ ಗಂಟೆಗೊಮ್ಮೆ ಟೇಪಿಗೆ ಉಳಿಸಬೇಕು. ಟೇಪಿಗೆ ಹೋಗುವಾಗ ಪ್ರೋಗ್ರಾಮು ಜೀರುಂಡೆಯ ಹಾಗೆ ಕಿರ್ರೆಂದು ಕೂಗುತ್ತಿತ್ತು. ಆ ಕೂಗಿಗೆ ಅಕ್ಕನ ಮಾವನವರು, ಎಂಬತ್ತರ ಹತ್ತಿರದ ಹಿರಿಯರು, ಒಳಕೋಣೆಯಿಂದ “ಅದನ್ನ ನಿಲ್ಸೀ” ಎಂದು ಕೂಗುತ್ತಿದ್ದರು.

ಯಂತ್ರ ನಮ್ಮದೇ ಆಕಾರಗಳಿಗೆ ಬಿಟ್ಟುಕೊಟ್ಟದ್ದು ಇಪ್ಪತ್ತೊಂದು ಚೌಕ ಮಾತ್ರ. ನನ್ನ ಲೆಕ್ಕದಲ್ಲಿ ಅಷ್ಟಕ್ಕೆ ಐದು ಅಕ್ಷರ. ಇಂಗ್ಲಿಷ್ ಅಕ್ಷರಗಳನ್ನು ಯಂತ್ರ ಎಲ್ಲೋ ಒಂದು ಕಡೆ ಇಟ್ಟುಕೊಂಡಿರಬೇಕು, ಆ ಜಾಗದ ಬದಲು ನನ್ನ ಜಾಗ ತೋರಿಸಿದರೆ ಆಯಿತು ಎಂದು ಊಹಿಸಿ, ಆ ಗುಟ್ಟಿನ ಅಂಕಿ ಯಾವುದೆಂದು ನಾಲ್ಕು ತಿಂಗಳು ಹುಡುಕಿದೆ. ಒಂದೊಂದೇ ಸ್ಥಾನದಲ್ಲಿ ಏನಿದೆ ಎಂದು ಪರದೆಯ ಮೇಲೆ ತರಿಸಿ, ಬರೆದುಕೊಂಡು, ಬದಲಾಯಿಸಿ, ಯಂತ್ರ ಸ್ತಬ್ಧವಾಗಿ, ಮತ್ತೆ ಶುರುಮಾಡಿ. ಸಿಕ್ಕ ದಿನ ಅಕ್ಕನನ್ನು ಅಡುಗೆಮನೆಯಿಂದ ಎಳೆದು ತಂದು ತೋರಿಸಿದೆ. ಅವರಿಗೆ ಏನೂ ಅರ್ಥವಾಗದಿದ್ದರೂ ನನ್ನ ಮುಖ ನೋಡಿ ಖುಷಿಪಟ್ಟರು.

ಅದಾಗಿ ಮೂರೇ ವಾರಕ್ಕೆ ದೀಪಾವಳಿಯ ಮುಂಚೆ ಮನೆ ಗುಡಿಸಿ ಸಾರಿಸುವಾಗ ಅಟ್ಟದ ಮೇಲೆ ಆ ಯಂತ್ರದ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೊಂದು ಪುಸ್ತಕ. “ಇದು ನಿಮ್ದೇ ಇರ್ಬೇಕು ನೋಡಿ ಟೀಚರೇ, ಅದೇ ಚಿತ್ರ ಉಂಟು ಮೇಲೆ” ಎಂದು ಅಕ್ಕ ಹೆಮ್ಮೆಯಿಂದ ಕೈಗಿತ್ತರು. ಬಿಡಿಸಿ ನೋಡಿದೆ. ನಾನು ನಾಲ್ಕು ತಿಂಗಳು ಹುಡುಕಿದ ಅಂಕಿ ಕೊನೆಯ ಅಧ್ಯಾಯಗಳ ಒಂದು ಪಟ್ಟಿಯಲ್ಲಿ, ಒಂದೂವರೆ ಸಾಲಿನ ವಿವರಣೆಯೊಡನೆ ಅಚ್ಚಾಗಿತ್ತು. ನಾನು ಕೂರುತ್ತಿದ್ದ ಜಾಗದ ನೇರ ಮೇಲೆ, ಹಲಗೆಯಾಚೆ, ಅಷ್ಟು ದಿನವೂ ಅದು ಇತ್ತು. “ಎಂತಾಯ್ತು?” ಎಂದರು ಅಕ್ಕ. “ಏನಿಲ್ಲ” ಎಂದು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದೆ.

ಪುಸ್ತಕ ಬಂದ ಮೇಲೆ ಕೆಲಸ ಬೇಗ ಸಾಗಿತು. ಬೇಗ ಸಾಗಿದ್ದೇ ಮುಳುವಾಯಿತು. ಮೊದಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಆಮೇಲೆ ಕುಟ್ಟುತ್ತಿದ್ದವಳು ಈಗ ನೇರ ಪರದೆಯ ಮೇಲೇ ಬರೆದು ಟೇಪಿಗೆ ಹಾಕಿಬಿಡುತ್ತಿದ್ದೆ. ಒಂದು ಭಾನುವಾರ ಹೋಗಿ ಕ್ಯಾಸೆಟ್ ಹಾಕಿದರೆ ಕಿರ್ರೆಂಬ ಸದ್ದಿನ ಬದಲು ಚಂಡೆ ಕೇಳಿಸಿತು. ಹಿಂದೆಯೇ ಮದ್ದಳೆ, ಆಮೇಲೆ ಗಂಟಲು ಸರಿಮಾಡಿಕೊಂಡು ಒಬ್ಬರ ಅರ್ಥಗಾರಿಕೆ. ವಾರದ ನಡುವೆ ಊರಿನಲ್ಲಿ ತಾಳಮದ್ದಳೆ ಇತ್ತಂತೆ. ಮಾವನವರು ಕೈಗೆ ಸಿಕ್ಕ ಕ್ಯಾಸೆಟ್ಟಿನಲ್ಲಿ ಎರಡೂ ಬದಿ ತುಂಬಿಸಿಕೊಂಡು ಬಂದಿದ್ದರು.

“ಅದ್ರಲ್ಲಿ ಎಂತ ಇತ್ತು? ನಾ ಹಾಕಿ ಕೇಳ್ದೆ, ಬರೀ ಗಲಾಟೆ. ಹಾಳಾದ ಕ್ಯಾಸೆಟ್ಟು ಅಂತ ಮಾಡಿದ್ದೆ” ಎಂದರು ಅವರು. ಮುಖದಲ್ಲಿ ನಿಜವಾದ ಗಾಬರಿ ಇತ್ತು. ಅಂಥವರ ಮೇಲೆ ಸಿಟ್ಟು ಮಾಡುವುದು ಹೇಗೆ? ಕ್ಯಾಸೆಟ್ಟಿನ ಹಿಂಬದಿಯ ಸಣ್ಣ ಹಲ್ಲು ಮುರಿದುಬಿಟ್ಟರೆ ಅದರ ಮೇಲೆ ಬೇರೇನೂ ತುಂಬಲಾಗದು ಎಂಬುದು ನನಗೆ ಗೊತ್ತಿತ್ತು. ನಾಳೆ ನಾಡಿದ್ದು ಎಂದು ಮುಂದೂಡಿದ್ದೆ. ಅಕ್ಷರದ ಅಂಕಿಗಳು ನನ್ನ ನೋಟ್‌ಬುಕ್ಕಿನಲ್ಲಿದ್ದವು. ಆದರೆ ಅಕ್ಷರಗಳನ್ನು ಜೋಡಿಸಿ ಸಾಲು ಮಾಡುವ ಪ್ರೋಗ್ರಾಮು, ಒಂದು ತಿಂಗಳ ಕೆಲಸ, ಎಲ್ಲೂ ಇರಲಿಲ್ಲ. ಹಿರಿಯರ ಎದುರು ನಕ್ಕು, ಪರವಾಗಿಲ್ಲ ಎಂದು, ಅಂದು ಮಧ್ಯಾಹ್ನದ ಬಸ್ಸಿಗೇ ವಾಪಸಾದೆ. ಎರಡು ವಾರ ನೋಟ್‌ಬುಕ್ ಮುಟ್ಟಲಿಲ್ಲ.

ಮುಟ್ಟಿದ ಮೇಲೆ ಮತ್ತೆ ಎರಡು ತಿಂಗಳು ಹಿಡಿಯಿತು. ಆ ಹೊತ್ತಿಗೆ ಅಪ್ಪಯ್ಯನಿಗೆ ತೀರ್ಥಹಳ್ಳಿಯಲ್ಲಿ ತಾವು ಕೆತ್ತಿದ ಗಂಧದ ಮಂಟಪವೊಂದನ್ನು ಮುಟ್ಟಿಸಿ ಬರುವ ಕೆಲಸ ಬಂತು. “ನನ್ನ ಅಕ್ಷರ ಅಲ್ಲಿ ಹೆಂಗೆ ಕೂತಿದಾವೆ ನೋಡ್ಕೊಂಡು ಬರ್ತೀನಿ” ಎಂದು ಜೊತೆಗೆ ಹೊರಟರು. ಒಗೆದ ಪಂಚೆ, ಹೊಸ ಅಂಗಿ. ಅಕ್ಕ ಕಾಫಿ ಕೊಟ್ಟು ಕುರ್ಚಿ ಹಾಕಿದರು. ಏನು ಬರೆಯಲಿ ಎಂದರೆ “ನಮ್ಮೂರ ಹೆಸ್ರೇ ಬರೀರಿ” ಎಂದರು. ಬರೆದೆ. ಬಿಳಿ ಪರದೆಯ ನಟ್ಟನಡುವೆ ಕಪ್ಪಗೆ, ತೀರ್ಥಹಳ್ಳಿ ಎಂದು ಮೂಡಿತು. ಅಕ್ಕ ಅಂಗೈ ತಟ್ಟಿದರು. ಡಾಕ್ಟರು ಕೂಡ ಕ್ಲಿನಿಕ್ಕಿಗೆ ಹೊರಟವರು ಬಾಗಿಲಲ್ಲಿ ನಿಂತು ನೋಡಿ “ಭೇಷ್” ಎಂದರು.

ಅಪ್ಪಯ್ಯ ಕುರ್ಚಿಯಿಂದೆದ್ದು ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಹೋದರು. “ಇದೆಂತ, ಒಂಬತ್ತಾ?” ಎಂದು ಬೆರಳಿಟ್ಟರು.

“ಅರ್ಕಾವೊತ್ತು ಅಪ್ಪಯ್ಯ. ಜಾಗ ಉಳೀಲಿ ಅಂತ ಒಂಬತ್ತರ ಅಂಕೀನೇ ಹಾಕಿದೀನಿ. ನೋಡೋಕೆ ಒಂದೇ ಥರ ಅಲ್ವಾ.”

“ಯಾರು ಹೇಳಿದ್ದು ಒಂದೇ ಥರ ಅಂತ? ನಾ ಬರ್ದು ಕೊಟ್ಟಿದ್ದು ಇದಲ್ಲ. ಈ ‘ಳ್ಳಿ’ ನೋಡು, ಒತ್ತು ಬಾವಿಗೆ ಬಿದ್ದ ಹಾಗೆ ಕೆಳಗೆ ಹೋಗಿ ಕೂತಿದೆ. ನಾನು ಮೈಗೆ ಅಂಟಿಸಿ ಬರ್ದಿದ್ದೆ.”

“ಒಂದು ಗೆರೆ ಜಾಗ ಬಿಡ್ದೆ ಇದ್ರೆ ಎರಡೂ ಕೂಡ್ಕೊಂಡು ಕಪ್ಪಾಗ್ತದೆ.”

“ಆಗೋದಾದ್ರೆ ತೋರಿಸ್ಬೇಡ. ಸರಿ ಆದ್ಮೇಲೆ ತೋರ್ಸು.”

ಬೇರೆಯವರ ಮನೆಯಲ್ಲಿ, ಬೇರೆಯವರ ಎದುರು. ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಕೋಣಂದೂರು ದಾಟಿದ ಮೇಲೆ ನಾನೇ ಶುರುಮಾಡಿದೆ. ಒಂದೂವರೆ ವರ್ಷ ಎಷ್ಟು ಕಷ್ಟಪಟ್ಟೆ ಎಂದು ನಿಮಗೆ ಗೊತ್ತಿಲ್ಲ, ಒಂದು ಒಳ್ಳೆಯ ಮಾತು ಆಡಬಹುದಿತ್ತು ಎಂದೆ. ಅಪ್ಪಯ್ಯ ಕಿಟಕಿಯಾಚೆ ನೋಡುತ್ತಲೇ, “ಕಷ್ಟಪಟ್ಟಿದ್ದು ಫಲಕ್ದಲ್ಲಿ ಕಾಣಲ್ಲ ಮಗಾ, ಅಕ್ಷರ ಕಾಣ್ತದೆ” ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಇನ್ನೂ ಉರಿಸಿತು.

ತಿದ್ದಿದೆ. ಪ್ರತಿ ಒತ್ತಕ್ಷರವನ್ನೂ, ಪ್ರತಿ ಗುಣಿತಾಕ್ಷರವನ್ನೂ ಅಪ್ಪಯ್ಯ ಬರೆದ ಹಾಗೇ ಇಡಿಯಾಗಿ, ಬೇರೆ ಬೇರೆ ಚಿತ್ರವಾಗಿ ತುಂಬಿಸತೊಡಗಿದೆ. ‘ಕ’ ಒಂದು, ‘ಕಿ’ ಒಂದು, ‘ಕು’ ಒಂದು, ‘ಕ್ಕ’ ಒಂದು. ನಿಜಕ್ಕೂ ಚೆಲುವಾಗಿ ಬರುತ್ತಿದ್ದವು. ನೂರ ಮೂವತ್ತೆರಡನೇ ಅಕ್ಷರಕ್ಕೆ ಯಂತ್ರ, ಇನ್ನು ಜಾಗವಿಲ್ಲ ಎಂದು ಒಂದು ಸಾಲಿನಲ್ಲಿ ಹೇಳಿ ನಿಂತಿತು. ‘ಪ’ ವರ್ಗವನ್ನು ಇನ್ನೂ ಮುಟ್ಟಿರಲಿಲ್ಲ. ಪ, ಫ, ಬ, ಭ, ಮ ಇಲ್ಲದ ಕನ್ನಡ. ಅಪ್ಪ ಅಮ್ಮ ಎಂದು ಬರೆಯಲಾಗದ ಕನ್ನಡ.

ಯಾವ ಅಕ್ಷರ ಬಿಡುವುದು, ಯಾವುದು ಇಡುವುದು ಎಂದು ಗುದ್ದಾಡುತ್ತಿರುವಾಗಲೇ ಒಂದು ದಿನ ವೋಲ್ಟೇಜು ಏಕಾಏಕಿ ಏರಿ ಯಂತ್ರದ ಅಡಾಪ್ಟರ್ ಸುಟ್ಟಿತು. ಅಕ್ಕ ತಲೆಕೆಡಿಸಿಕೊಳ್ಳಲಿಲ್ಲ. “ಎಲ್ಲಾ ತಗೊಂಡು ಹೋಗಿ, ನಿಮ್ಮೂರಲ್ಲಿ ರಿಪೇರಿ ಮಾಡಿಸ್ಕೊಂಡು ಬನ್ನಿ” ಎಂದು ಯಂತ್ರವನ್ನೂ ಚೀಲಕ್ಕೆ ಹಾಕಿ ಕೊಟ್ಟರು. ಸಾಗರದಲ್ಲಿ ರೇಡಿಯೋ ರಿಪೇರಿ ಮಾಡುವವರೊಬ್ಬರು ತಂತಿ ಸುತ್ತಿ ಹೊಸ ಟ್ರಾನ್ಸ್‌ಫಾರ್ಮರ್ ಮಾಡಿಕೊಟ್ಟರು. ಒಳ್ಳೆಯ ಕೆಲಸಗಾರರು, ಅಚ್ಚುಕಟ್ಟಾಗಿ ಮಾಡಿದ್ದರು. ಆದರೆ ಆ ಯಂತ್ರದ ಪಿನ್ನಿನಲ್ಲಿ ಒಳಗಿನದು ಮೈನಸ್ಸು, ಹೊರಗಿನದು ಪ್ಲಸ್ಸು. ಎಲ್ಲ ಕಡೆಯ ರೂಢಿಗೆ ಉಲ್ಟಾ. ಅಟ್ಟದಲ್ಲಿ ಸಿಕ್ಕ ಪುಸ್ತಕದಲ್ಲಿ ಇದನ್ನು ಓದಿದ್ದೆ. ಅವರಿಗೆ ಹೇಳಲು ಮರೆತೆ. ಅವರು ರೂಢಿಯಂತೆ ಬೆಸುಗೆ ಹಾಕಿದ್ದರು. ಅಂಗಡಿಯಲ್ಲೇ ಸಿಕ್ಕಿಸಿ ಸ್ವಿಚ್ ಒತ್ತಿದೆವು. ಪಟ್ ಎಂಬ ಸಣ್ಣ ಸದ್ದು, ರಬ್ಬರ್ ಗುಂಡಿಗಳ ಸಂದಿಯಿಂದ ಒಂದೆಳೆ ಹೊಗೆ.

“ಉಲ್ಟಾ ಇತ್ತಾ? ಮೊದ್ಲೇ ಒಂದ್ ಮಾತು ಹೇಳ್ಬಾರ್ದಾ ಮೇಡಂ” ಎಂದು ಆ ಮನುಷ್ಯ ತಲೆ ಮೇಲೆ ಕೈಹೊತ್ತರು. ಬಿಚ್ಚಿ ನೋಡಿ, ಒಳಗಿನ ಚಿಪ್ಪು ನಮ್ಮ ಕಡೆ ಎಲ್ಲೂ ಸಿಗುವಂಥದ್ದಲ್ಲ ಎಂದರು.

ತೀರ್ಥಹಳ್ಳಿಗೆ ಹೋಗಿ ಹೇಳುವ ದಿನ ಬಸ್ಸು ಕೆಟ್ಟು ನಿಂತರೆ ಸಾಕು ಎನಿಸಿತ್ತು. ನಿಲ್ಲಲಿಲ್ಲ. ಅಕ್ಕ ಪೂರ್ತಿ ಕೇಳಿಸಿಕೊಂಡರು. ಮೊದಲ ಸಲ ಅವರ ಮುಖದ ನಗು ಹೋಯಿತು.

“ನಂಗೆ ಅದ್ರದ್ದೆಂತ ಇಲ್ಲ ಟೀಚರೇ. ಮುಂದಿನ ತಿಂಗ್ಳು ತಮ್ಮ ಬರ್ತಾನೆ. ಬಂದವ್ನೇ ಕೇಳ್ತಾನೆ. ನಾ ಎಂತ ಹೇಳ್ಲಿ?”

“ನಾನೇ ಬಂದು ಹೇಳ್ತೀನಿ ಅಕ್ಕಾ.”

“ಬನ್ನಿ. ನೀವೇ ಹೇಳಿ” ಎಂದರು. ಅಂದು ಕಾಫಿ ಕುಡಿಯಿರಿ ಎನ್ನಲಿಲ್ಲ.

ಹೇಳಿದ ದಿನ ಹೋದೆ. ತಮ್ಮನೆಂದರೆ ಮೂವತ್ತೈದರ ಮನುಷ್ಯ, ಕನ್ನಡಕ, ಮೆಲುಮಾತು. ಸತ್ತ ಯಂತ್ರವನ್ನು ಮೇಜಿನ ಮೇಲಿಟ್ಟು, ತಪ್ಪು ನನ್ನದೇ ಎಂದು ಬಾಯಿಪಾಠ ಮಾಡಿಕೊಂಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಯಂತ್ರವನ್ನು ಕೈಗೆತ್ತಿಕೊಳ್ಳಲೂ ಇಲ್ಲ. “ಇದು ಹಳೇ ಮಾಡೆಲ್ಲು. ನಾನು ತರೋವಾಗ್ಲೇ ಅಲ್ಲಿ ಜನ ಬಿಟ್ಟಿದ್ರು. ಮಕ್ಕಳ ಆಟದ ಸಾಮಾನು ಇದು, ಬೇಜಾರು ಮಾಡ್ಕೋಬೇಡಿ” ಎಂದರು. ಸಮಾಧಾನ ಹೇಳುತ್ತಿದ್ದಾರೆಂದು ಗೊತ್ತಿತ್ತು. ಆದರೂ ಬೈದಿದ್ದರೆ ಚೆನ್ನಾಗಿತ್ತು. ಎರಡು ವರ್ಷದ ಭಾನುವಾರಗಳನ್ನೆಲ್ಲ ನಾನು ಸುರಿದದ್ದು ಬೇರೆಯವರು ಬಿಸಾಡಿದ ಆಟದ ಸಾಮಾನಿನ ಮೇಲೆ.

“ಇದ್ರಲ್ಲಿ ಎಂತ ಮಾಡ್ತಿದ್ರಿ?” ಎಂದು ಕೇಳಿದರು. ನೋಟ್‌ಬುಕ್ ಕೊಟ್ಟೆ. ಹಾಗೇ ತಿರುವಿ ಹಾಕಿ ವಾಪಸು ಕೊಡುತ್ತಾರೆ ಎಂದುಕೊಂಡಿದ್ದೆ. ಕೊಡಲಿಲ್ಲ. ಮೊದಲ ಪುಟಕ್ಕೆ ಹೋಗಿ ಓದತೊಡಗಿದರು. ಅಕ್ಕ ಊಟಕ್ಕೆ ಕರೆದರು, “ಬಂದೆ” ಎಂದು ಓದುತ್ತಲೇ ಇದ್ದರು. ನಡುವೆ ಪೆನ್ಸಿಲ್ ಕೇಳಿ ಒಂದು ಕಡೆ ಗುರುತು ಹಾಕಿದರು. ಸಾಲಿನ ಕೊನೆಯಲ್ಲಿ ಒತ್ತಕ್ಷರ ಬಂದರೆ ನನ್ನ ಪ್ರೋಗ್ರಾಮು ತಪ್ಪುತ್ತಿತ್ತು. ಅದನ್ನು ನಾನು ಕಂಡಿರಲಿಲ್ಲ. ನನ್ನ ಕೈಬರಹದ ಪ್ರೋಗ್ರಾಮನ್ನು ಇನ್ನೊಬ್ಬರು ಓದುವುದನ್ನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಯಾರೋ ನನ್ನ ಮನೆಯೊಳಗೆ ಓಡಾಡಿದಂತೆ ಆಗುತ್ತಿತ್ತು. ಕಿತ್ತುಕೊಳ್ಳಬೇಕೆಂದೂ ಅನ್ನಿಸುತ್ತಿತ್ತು, ನಿಲ್ಲಿಸಬಾರದೆಂದೂ ಅನ್ನಿಸುತ್ತಿತ್ತು.

ಕೊನೆಗೆ ತಲೆಯೆತ್ತಿ, “ನೀವು ಮ್ಯಾಥ್ಸ್ ಟೀಚರ್ ಅಲ್ವಾ?” ಎಂದರು.

“ಹೌದು.”

“ಕಾಗುಣಿತ ಅಂತೀವಲ್ಲ, ಗುಣಿತ ಅಂದ್ರೆ ಏನು?”

“ಗುಣಾಕಾರ.”

“ಮತ್ತೆ? ನೀವು ಗುಣಿಸಿದ ಉತ್ತರ ಎಲ್ಲಾ ತಂದು ತುಂಬ್ತಿದೀರಿ. ಕ, ಕಾ, ಕಿ, ಕೀ, ಎಲ್ಲಾ ಬೇರೆ ಬೇರೆ. ಕೊಂಬು ಒಂದ್ಸಲ, ಗುಡಿಸು ಒಂದ್ಸಲ, ಒತ್ತು ಒಂದ್ಸಲ ಇಟ್ಕೊಂಡು, ಗುಣ್ಸೋ ಕೆಲ್ಸ ಮಷೀನಿಗೆ ಬಿಟ್ಟಿದ್ರೆ ಇದೇ ಜಾಗದಲ್ಲಿ ಪೂರ್ತಿ ಕನ್ನಡ ಹಿಡೀತಿತ್ತು.”

ವಾರಕ್ಕೆ ಮೂವತ್ತು ಪೀರಿಯಡ್ ಗಣಿತ ಹೇಳುತ್ತಿದ್ದವಳು ನಾನು. ಬಾಲ್ಯದಿಂದ ಬಾಯಲ್ಲಿ ಗುಣಿತ ಗುಣಿತ ಎನ್ನುತ್ತಲೇ ಬಂದವಳು. ಒಂದು ದಿನವೂ ಹೊಳೆದಿರಲಿಲ್ಲ. ಯಂತ್ರ ಬದುಕಿದ್ದಾಗ ಹೊಳೆಯಲಿಲ್ಲ, ಹೇಳುವವರು ಬಂದಾಗ ಯಂತ್ರ ಇರಲಿಲ್ಲ. ಕೂತಲ್ಲೇ ಅಳು ಬಂತು. ಅಕ್ಕ ಗಾಬರಿಯಾಗಿ ತಮ್ಮನಿಗೆ, “ಎಂತ ಅಂದ್ಯೋ ಅವ್ರಿಗೆ? ಹೋದ್ದು ಹೋಯ್ತು ಅಂತ ನಾನೇ ಬಿಟ್ಟಿದೀನಿ!” ಎಂದು ಗದರಿ, ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಊಟಕ್ಕೆ ಬಡಿಸಿದರು.

ಮುಂದಿನ ವಾರ ಸಾಗರದಲ್ಲಿ ಅಪ್ಪಯ್ಯನಿಗೆ ವಿಷಯ ಹೇಳಿದೆ. ಅಕ್ಷರಗಳನ್ನು ಬಿಡಿಬಿಡಿಯಾಗಿ, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆಯಾಗಿ ಬರೆದುಕೊಡುತ್ತೀರಾ ಎಂದು ಕೇಳಿದೆ. “ಕೈ ಬೇರೆ ಕಾಲು ಬೇರೆ ಕೆತ್ತಿ ಮೂರ್ತಿ ಅನ್ನು ಅಂತೀಯ” ಎಂದು ಗೊಣಗಿದರು. ನಾನೂ ಬಿಡಲಿಲ್ಲ, ಮೂರು ಭಾನುವಾರ ವಾದ ಮಾಡಿದೆವು. ಒಂದೇ ಕೊಂಬು ‘ಕ’ಗೂ ‘ಮ’ಗೂ ಹೊಂದುವುದೇ ಇಲ್ಲ ಎಂದು ಅವರು ಬರೆದು ತೋರಿಸಿದರು. ಹಾಗಾದರೆ ಎರಡು ಕೊಂಬು ಕೊಡಿ ಎಂದೆ. ಎರಡು ಮೂರಾದವು. ಒತ್ತಿನ ವಿಷಯದಲ್ಲಿ ಮಾತ್ರ ಅಪ್ಪಯ್ಯ ಕೊನೆಯವರೆಗೂ ಒಪ್ಪಲಿಲ್ಲ.

ಡಾಕ್ಟರ ಹೆಂಡತಿಯ ತಮ್ಮ ಹೊರದೇಶಕ್ಕೆ ವಾಪಸು ಹೋಗಿ ಒಂದು ಕಾಗದ ಬರೆದರು, ನಾನು ಮೂರು ಬರೆದೆ. ಆ ವರ್ಷ ಗ್ರಂಥಾಲಯದ ಪತ್ರಿಕೆಯಲ್ಲಿ, ಭಾರತದ ಭಾಷೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ತೋರಿಸುವ ಕಾರ್ಡೊಂದನ್ನು ದೊಡ್ಡ ಊರಿನ ಯಾವುದೋ ಸಂಸ್ಥೆಯವರು ಮಾಡಿದ್ದಾರೆಂದು ಅರ್ಧ ಪುಟದ ಸುದ್ದಿ ಓದಿದೆ. ವಿವರಗಳಿದ್ದ ಮುಂದಿನ ಹಾಳೆಯೂ ಇತ್ತು, ಯಾರೂ ಹರಿದಿರಲಿಲ್ಲ. ಅವರೂ ತುಂಡು ತುಂಡು ಇಟ್ಟುಕೊಂಡೇ ಜೋಡಿಸಿದ್ದರು. ಪರದೆಯ ಮೇಲೆ ಮೂಡಿದ ಕನ್ನಡದ ಒಂದು ಸಾಲಿನ ಚಿತ್ರವೂ ಅಲ್ಲಿ ಅಚ್ಚಾಗಿತ್ತು. ಮುಂದೆ ಹೊಟ್ಟೆಪಾಡಿಗೆ ಪ್ರೋಗ್ರಾಮು ಬರೆಯುವ ಕೆಲಸವೇ ನನಗೆ ಸಿಕ್ಕಿತು. ಒಳ್ಳೆಯ ಯಂತ್ರಗಳೂ ಸಿಕ್ಕವು. ಆದರೆ ಆ ದಿನ, ಹೊಸನಗರದ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಗ್ರಂಥಾಲಯದಲ್ಲಿ ಕೂತಿದ್ದಾಗ, ನನಗೆ ಅನ್ನಿಸುತ್ತಿದ್ದದ್ದು ಇಷ್ಟೇ: ಅವರ ‘ಳ್ಳಿ’ಯಲ್ಲೂ ಒತ್ತು ಕೆಳಗೇ ಬಿದ್ದಿದೆ, ಅಪ್ಪಯ್ಯನಿಗೆ ತೋರಿಸಿದರೆ ಇವರನ್ನೂ ಬಿಡುವುದಿಲ್ಲ.